ತಳವಾರನ ಕಂದೀಲು, ಗೋಡೆಯ ಸೆನ್ಸರ್ ಲೈಟು: ಇಂಡಿ–ಸಿಂದಗಿ ಸೀಮೆಯ ರಾತ್ರಿ ಕಾವಲಿನ ಕಥೆ

ಇತಿಹಾಸದ ಪಾಡ್‌ಕಾಸ್ಟ್‌ನಲ್ಲಿ ಸೋಲಾರ್ ಸೆನ್ಸರ್ ಲೈಟಿನ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ರಾತ್ರಿ ಓಡಾಡಿದವರಿಗೆ ಅನ್ನಿಸಲಿಕ್ಕಿಲ್ಲ. ಊರು ದಾಟಿ ಹೊಲದ ದಾರಿ ಹಿಡಿದರೆ, ನಿಂಬೆ ತೋಟದ ನಡುವೆ, ತೊಗರಿ ಹೊಲದ ದಂಡೆಗೆ ಒಂದೊಂದು ವಸ್ತಿ. ಮನೆಯ ಗೋಡೆಗೆ ಅಂಗೈ ಅಗಲದ ಕಪ್ಪು ಡಬ್ಬಿ. ಹತ್ತಿರ ಹೋದರೆ ಫಕ್ಕನೆ ಹತ್ತಿಕೊಳ್ಳುತ್ತದೆ, ಅರ್ಧ ನಿಮಿಷಕ್ಕೆ ಆರುತ್ತದೆ. ಸಂತೆಯಲ್ಲೂ ಸಿಗುತ್ತದೆ, ಮೊಬೈಲಿನಲ್ಲಿ ಆರ್ಡರ್ ಮಾಡಿದರೂ ಬರುತ್ತದೆ. ಈ ಡಬ್ಬಿ ಯಾರ ಜಾಗಕ್ಕೆ ಬಂದು ಕೂತಿದೆ ಅನ್ನೋದೇ ಇವತ್ತಿನ ಕಥೆ. ಅದು ಗೊತ್ತಾದರೆ ಯಾವುದನ್ನು ಕೊಳ್ಳಬೇಕು, ಎಲ್ಲಿ ಹಚ್ಚಬೇಕು ಅನ್ನೋದೂ ಅರ್ಧ ಗೊತ್ತಾದಂತೆ.

ಮೊದಲಿಗೆ ಹುಡೇವು ನೋಡೋಣ. ಈ ಭಾಗದ ಎಷ್ಟೋ ಹಳ್ಳಿಗಳಲ್ಲಿ ಅರ್ಧ ಕುಸಿದ ದುಂಡನೆಯ ಕಲ್ಲು-ಮಣ್ಣಿನ ಬುರುಜು ಇವತ್ತಿಗೂ ನಿಂತಿದೆ. ಮಕ್ಕಳು ಹತ್ತಿ ಆಡುತ್ತಾರೆ, ಸುತ್ತ ಜಾಲಿ ಬೆಳೆದಿರುತ್ತದೆ. ವಿಜಯಪುರದ ಉಪ್ಪಲಿ ಬುರುಜು ಪ್ರವಾಸಿಗರಿಗೆ ಗೊತ್ತು: 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ್ದು, ಸುಮಾರು 80 ಅಡಿ ಎತ್ತರ. ಹಳ್ಳಿಯ ಹುಡೇವು ಅದರ ಬಡ ತಮ್ಮ. ಕೆಲಸ ಮಾತ್ರ ಒಂದೇ, ದೂರದಿಂದ ಬರುವವರನ್ನು ಬರುವ ಮೊದಲೇ ನೋಡುವುದು. ಬಯಲು ಸೀಮೆ, ಕರಿ ಮಣ್ಣು, ಮರ ಕಡಿಮೆ. ಎತ್ತರದಲ್ಲಿ ಒಬ್ಬ ಕೂತರೆ ಹರದಾರಿ ದೂರದ ಧೂಳು ಕಾಣುತ್ತದೆ. ಆಗ ಮನೆಯ ಹೊರಗೆ ದೀಪ ಉರಿಸುವ ರೂಢಿ ಇರಲಿಲ್ಲ. ಕುಸುಬಿ ಎಣ್ಣೆಯ ಪಣತಿ ಒಳಗಿನ ಗೂಡಿನಲ್ಲಿ, ಹೊರಗೆ ಕತ್ತಲೆ. ಕಾವಲು ಅಂದರೆ ಕಣ್ಣು ಮತ್ತು ಕಿವಿ.

ಆ ಕಣ್ಣು, ಕಿವಿ ಒಬ್ಬ ಮನುಷ್ಯನ ಹೆಸರಿನಲ್ಲಿದ್ದವು. ಅವನು ತಳವಾರ. ಈ ಸೀಮೆಯಲ್ಲಿ ಅವನ ಜೊತೆಗೆ ವಾಲೀಕಾರ, ಶೇತಸನದಿ. ಸಂಬಳದ ಬದಲು ಇನಾಮು ಹೊಲ, ಸುಗ್ಗಿಯಲ್ಲಿ ಆಯ. ಬ್ರಿಟಿಷರು ಬಂದ ಮೇಲೆ ಈ ನಾಲ್ಕೂ ತಾಲ್ಲೂಕುಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದವು. 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯ್ದೆ ಊರಿನ ಕಾವಲನ್ನು ಪೊಲೀಸ್ ಪಾಟೀಲನ ಕೈಗೆ ಕೊಟ್ಟಿತು, ಕೆಳಗಿನ ಹಳ್ಳಿಯ ಸೇವಕರು ಅವನ ಮಾತಿಗೆ ಒಳಪಟ್ಟರು. ರಾತ್ರಿ ಕೈಯಲ್ಲಿ ಬಡಿಗೆ, ಇನ್ನೊಂದು ಕೈಯಲ್ಲಿ ಕಂದೀಲು ಹಿಡಿದು ಗಸ್ತು. ಇಲ್ಲಿ ಒಂದು ಸೂಕ್ಷ್ಮ ಇದೆ. ತಳವಾರನ ಕಂದೀಲಿನ ಬೆಳಕು ನಾಲ್ಕು ಹೆಜ್ಜೆ ದೂರಕ್ಕೂ ಸರಿಯಾಗಿ ಬೀಳುತ್ತಿರಲಿಲ್ಲ. ಅದು ಕಳ್ಳನನ್ನು ಹುಡುಕುವ ದೀಪವಲ್ಲ, ತಾನು ಎಲ್ಲಿ ಕಾಲಿಡುತ್ತೇನೆ ಅಂತ ನೋಡಿಕೊಳ್ಳುವ ದೀಪ. ಕಳ್ಳನನ್ನು ಹಿಡಿಯುತ್ತಿದ್ದದ್ದು ಅವನ ಪ್ರಶ್ನೆ: "ಯಾರವ? ಯಾರ ಮನ್ಯಾಂವ? ಈ ಹೊತ್ನ್ಯಾಗ ಎಲ್ಲಿಗಿ ಹೊಂಟಿ?" ಊರಿನವನೋ ಹೊರಗಿನವನೋ ಅನ್ನೋದು ಉತ್ತರ ಬರುವ ಮೊದಲೇ ದನಿಯಲ್ಲಿ, ನಡಿಗೆಯಲ್ಲಿ ಅವನಿಗೆ ಗೊತ್ತಾಗುತ್ತಿತ್ತು.

ಈ ವ್ಯವಸ್ಥೆಯನ್ನು ಹೊಗಳಿ ಮೇಲಕ್ಕೇರಿಸುವುದು ಬೇಡ. ಅದು ಹುಟ್ಟಿನಿಂದ ಹೊರಿಸಿದ ಕೆಲಸ. ಬೇಡ ಅನ್ನುವ ಹಕ್ಕು ಅವನಿಗಿರಲಿಲ್ಲ. 1956ರಲ್ಲಿ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆಯಿತು, 1963ರಿಂದ ವಂಶಪಾರಂಪರ್ಯದ ಹುದ್ದೆಗಳು ಹೋದವು. ಹೋಗಬೇಕಾದ್ದೇ. ತಳವಾರ, ವಾಲೀಕಾರ ಈಗ ಅಡ್ಡಹೆಸರುಗಳಾಗಿ ಉಳಿದಿವೆ. ಆದರೆ ಅವರು ಮಾಡುತ್ತಿದ್ದ ರಾತ್ರಿ ಕೆಲಸವನ್ನು ಇನ್ನು ಯಾರು ಮಾಡಬೇಕು ಅನ್ನೋ ಪ್ರಶ್ನೆ ಉಳಿಯಿತು.

ಆ ಜಾಗಕ್ಕೆ ಬಂದದ್ದು ವಿದ್ಯುತ್ ಕಂಬ. 1957ರಲ್ಲಿ ವಿದ್ಯುಚ್ಛಕ್ತಿ ಮಂಡಳಿ ಆಯಿತು. ನಮ್ಮ ಹಳ್ಳಿಗಳಿಗೆ ತಂತಿ ತಲುಪಿದ್ದು ಹೆಚ್ಚಾಗಿ 60, 70ರ ದಶಕಗಳಲ್ಲಿ. ಆಮೇಲೆ ಬಡವರ ಮನೆಗೆ ಒಂದು ಬಲ್ಬಿನ ಭಾಗ್ಯಜ್ಯೋತಿ. ಕಂಬದ ಬೆಳಕು ಅಗಸಿ ಬಾಗಿಲು, ಗುಡಿ ಕಟ್ಟೆ, ಮುಖ್ಯ ಓಣಿಗೆ ಸಿಕ್ಕಿತು. ಎಲ್ಲ ಓಣಿಗೂ ಒಂದೇ ಸಮಯಕ್ಕೆ ಸಿಗಲಿಲ್ಲ, ಅದು ಬೇರೆ ಮಾತು.

ಈಗ ಕಥೆಯ ಮುಖ್ಯ ತಿರುವಿಗೆ ಬರುತ್ತೇನೆ. 22 ಮೇ 1964ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಆಲಮಟ್ಟಿ ಆಗ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿತ್ತು, ಈಗ ನಿಡಗುಂದಿ. ಅಲ್ಲಿನ ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವ್ಯಾಟ್. ಅದೇ ಹಳೆಯ ತಾಲ್ಲೂಕಿನ ಕೂಡಗಿಯಲ್ಲಿ ಎನ್‌ಟಿಪಿಸಿಯ ಶಾಖೋತ್ಪನ್ನ ಸ್ಥಾವರ ಬಂತು: 800ರ ಮೂರು ಘಟಕ, ಒಟ್ಟು 2400 ಮೆಗಾವ್ಯಾಟ್, 2018ರ ಹೊತ್ತಿಗೆ ಮೂರೂ ಶುರು. ಕಾಲುವೆ ನೀರು, ಬೋರ್‌ವೆಲ್ ನೀರು ಬಂದಂತೆ ಜನ ಊರು ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡರು. ನಿಂಬೆ, ದಾಳಿಂಬೆ, ದ್ರಾಕ್ಷಿ, ಕಬ್ಬು, ಇವೆಲ್ಲ ಮನುಷ್ಯ ಹತ್ತಿರವೇ ಇರಬೇಕಾದ ಬೆಳೆಗಳು. ಹೀಗೆ ವಸ್ತಿ ಬೆಳೆಯಿತು.

ಇಷ್ಟು ಕರೆಂಟ್ ಹುಟ್ಟುವ ಸೀಮೆಯಲ್ಲಿ ವಸ್ತಿ ಮಾತ್ರ ಕತ್ತಲೆಗೆ ಬಿತ್ತು. ಕಾರಣ ವಿದ್ಯುತ್ ಕೊರತೆ ಒಂದೇ ಅಲ್ಲ. 2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಪುಕ್ಕಟೆ. ಪುಕ್ಕಟೆ ಕೊಟ್ಟ ಮೇಲೆ ಅಳೆದು ಕೊಡಬೇಕಾಗುತ್ತದೆ. ಅದಕ್ಕೆ ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರ್ ಬೇರೆ, ಪಂಪ್‌ಸೆಟ್ ಫೀಡರ್ ಬೇರೆ ಮಾಡಿದರು. ಊರಿಗೆ ದಿನವಿಡೀ ಕರೆಂಟ್, ಪಂಪ್‌ಸೆಟ್‌ಗೆ ದಿನಕ್ಕೆ 7 ತಾಸು ತ್ರೀ ಫೇಸ್. ಊರಿನವರಿಗೆ ಇದು ನಿಜಕ್ಕೂ ದೊಡ್ಡ ಉಪಕಾರ. ಆದರೆ ವಸ್ತಿ ಮನೆಯ ತಂತಿ ಪಂಪ್‌ಸೆಟ್ ಫೀಡರ್ ಮೇಲಿದೆ! ರಾತ್ರಿ ಸಿಂಗಲ್ ಫೇಸ್ ಕೊಟ್ಟರೆ ಕೆಲವರು ಕಂಡೆನ್ಸರ್ ಹಾಕಿ ಅದರಲ್ಲೇ ಮೋಟರ್ ಓಡಿಸುತ್ತಾರೆ, ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ಹೀಗಾಗಿ ಅದನ್ನೂ ಕೊಡಲು ಹಿಂದೇಟು. ತ್ರೀ ಫೇಸ್ ಪಾಳಿ ರಾತ್ರಿ ಬಂದರೆ "ಲೈಟ್ ಬಂತು" ಅಂತ ರೈತ ಕತ್ತಲೆಯಲ್ಲೇ ಎದ್ದು ಸ್ಟಾರ್ಟರ್ ಡಬ್ಬಿಯ ಕಡೆ ನಡೆಯಬೇಕು. ಮನೆಯ ಹೆಣ್ಣುಮಕ್ಕಳು ಹೊರಗೆ ಹೋಗಬೇಕಾದರೂ ಅದೇ ಕತ್ತಲೆ.

ಗೋಡೆಯ ಕಪ್ಪು ಡಬ್ಬಿ ಬಂದು ಕೂತದ್ದು ಈ ಸಂದಿನಲ್ಲಿ. ಅದರ ಒಳಗಿನ ಸಾಮಾನಿನ ಚರಿತ್ರೆಯನ್ನು ಬೇಗ ಮುಗಿಸುತ್ತೇನೆ. ಸಿಲಿಕಾನ್ ಸೌರಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯ 1954ರ ಏಪ್ರಿಲ್‌ನಲ್ಲಿ ತೋರಿಸಿತು. ಕರ್ನಾಟಕದ ಹಳ್ಳಿಗಳಿಗೆ ಸೋಲಾರ್ ದೀಪವನ್ನು ಬ್ಯಾಂಕ್ ಸಾಲದ ಜೊತೆ ತಲುಪಿಸಿದವರಲ್ಲಿ 1995ರಲ್ಲಿ ಶುರುವಾದ ಸೆಲ್ಕೋ ಮುಖ್ಯ. ಅದನ್ನು ಕಟ್ಟಿದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಿಳಿ ಎಲ್‌ಇಡಿಗೆ ದಾರಿ ಮಾಡಿದ ನೀಲಿ ಎಲ್‌ಇಡಿಗೆ 2014ರಲ್ಲಿ ನೊಬೆಲ್. ಇವೆಲ್ಲ ಅಗ್ಗವಾಗಿ ಒಂದೇ ಡಬ್ಬಿಗೆ ಸೇರಿಕೊಂಡವು.

ಇದಕ್ಕೆ 'ಸೆಕ್ಯುರಿಟಿ ಲೈಟ್' ಅಂತ ಹೆಸರಿಟ್ಟು ಮಾರುತ್ತಾರೆ. ಹೆಸರು ಕೇಳಿದರೆ ಹೊಸ ತಳವಾರ ಬಂದ ಹಾಗೆ. ಆದರೆ ಅದಕ್ಕೆ ಯಾರವ ಅಂತ ಕೇಳಲು ಬರುವುದಿಲ್ಲ. ಸಾಮಾನ್ಯವಾಗಿ ಸಿಗುವ ಪಿಐಆರ್ ಸೆನ್ಸರ್ ನೋಡುವುದು ಒಂದನ್ನೇ: ಸುತ್ತಲಿನ ಬಿಸಿಗಿಂತ ಬೇರೆ ಬಿಸಿಯ ವಸ್ತು ಸರಿದಾಡಿತೇ ಇಲ್ಲವೇ. ನಮ್ಮ ಸೀಮೆಯ ತೊಂದರೆ ಇಲ್ಲೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಹಗಲು 40 ಡಿಗ್ರಿ ದಾಟುತ್ತದೆ. ಕಲ್ಲಿನ ಗೋಡೆ, ಅಂಗಳದ ಫರಸಿ ರಾತ್ರಿ ಎಂಟು, ಒಂಬತ್ತರವರೆಗೂ ಕಾದೇ ಇರುತ್ತವೆ. ಮನುಷ್ಯನ ಮೈ ಮೇಲಿನ ಬಿಸಿಯೂ ಸುಮಾರು 33, 34 ಡಿಗ್ರಿ. ಎರಡಕ್ಕೂ ವ್ಯತ್ಯಾಸವೇ ಇಲ್ಲದಿದ್ದರೆ ಸೆನ್ಸರ್‌ಗೆ ಆಳು ಕಾಣುವುದಿಲ್ಲ. ಚಳಿಗಾಲದಲ್ಲಿ 8 ಮೀಟರ್ ದೂರದಿಂದ ಹತ್ತುತ್ತಿದ್ದ ದೀಪ ಬೇಸಿಗೆಯಲ್ಲಿ ತೀರ ಹತ್ತಿರ ಬಂದರೂ ಸುಮ್ಮನಿರಬಹುದು. ಅದು ಕೆಟ್ಟಿಲ್ಲ. ರೇಡಾರ್ ಸೆನ್ಸರ್ ಇರುವ ದೀಪಗಳೂ ಸಿಗುತ್ತವೆ. ಅವುಗಳಿಗೆ ಬಿಸಿಯ ಹಂಗಿಲ್ಲ, ಆದರೆ ಗಾಳಿಗೆ ಅಲ್ಲಾಡುವ ಟೊಂಗೆಗೂ ಹತ್ತಿಕೊಂಡು ಬ್ಯಾಟರಿ ಖಾಲಿ ಮಾಡುತ್ತವೆ. ಗಿಡಗಂಟಿ ಇಲ್ಲದ ಬಯಲು ಅಂಗಳಕ್ಕೆ ಅದು ಸರಿ, ನಿಂಬೆ ಗಿಡದ ಬುಡಕ್ಕೆ ಬೇಡ.

ಇನ್ನೊಂದು, ಇದು ಜೀವದ ಪ್ರಶ್ನೆ. ಪಿಐಆರ್‌ಗೆ ಹಾವು ಕಾಣುವುದಿಲ್ಲ. ಹಾವಿನ ಮೈ ನೆಲದಷ್ಟೇ ತಣ್ಣಗೆ ಅಥವಾ ನೆಲದಷ್ಟೇ ಬಿಸಿ. ಅಂಗಳದಲ್ಲಿ ದೀಪ ಹತ್ತಿಲ್ಲ, ಅಂದರೆ ಏನೂ ಇಲ್ಲ ಅಂತ ನಂಬಿ ಬರಿಗಾಲಲ್ಲಿ ಇಳಿಯಬಾರದು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡುವುದು ಕಡ್ಡಾಯ ಅಂತ ಆದೇಶ ಮಾಡಿತು. ನಾಗರ, ಕೊಳಕುಮಂಡಲ, ಕಟ್ಟುಹಾವು ಇರುವ ಹೊಲದಲ್ಲಿ ಈ ದೀಪದ ಮೊದಲ ಕೆಲಸ ತಳವಾರನ ಕಂದೀಲಿನ ಕೆಲಸವೇ: ನೀವು ಎಲ್ಲಿ ಕಾಲಿಡುತ್ತೀರಿ ಅಂತ ನಿಮಗೆ ತೋರಿಸುವುದು. ಹಾಗಾಗಿ ಸೆನ್ಸರ್ ಕಳ್ಳ ಬರುವ ದಿಕ್ಕಿಗಿಂತ ಮೊದಲು ನಿಮ್ಮನ್ನೇ ನೋಡಬೇಕು. ಬಾಗಿಲು ತೆಗೆದ ಕೂಡಲೇ, ಹೊಸ್ತಿಲು ದಾಟುವ ಮೊದಲೇ ಹತ್ತುವಂತೆ ಹಚ್ಚಿ. ಒಂದೇ ದೀಪಕ್ಕೆ ದುಡ್ಡಿದ್ದರೆ ಅದು ಮುಂಬಾಗಿಲಿಗಲ್ಲ, ಶೌಚಾಲಯದ ದಾರಿಗೆ ಅಥವಾ ಸ್ಟಾರ್ಟರ್ ಡಬ್ಬಿಯ ದಾರಿಗೆ ಅನ್ನೋದು ನನ್ನ ಅಭಿಪ್ರಾಯ.

ಹಾಗಾದರೆ ಕಳ್ಳರ ಪಾಲಿಗೆ ಇದು ಏನೂ ಅಲ್ಲವೇ? ಇಂಗ್ಲೆಂಡಿನಲ್ಲಿ 1990ರ ದಶಕದಲ್ಲಿ ಕೇಟ್ ಪೇಂಟರ್ ಮತ್ತು ಡೇವಿಡ್ ಫ್ಯಾರಿಂಗ್ಟನ್ ಡಡ್ಲಿ ಅನ್ನೋ ಊರಿನಲ್ಲಿ ಬೀದಿದೀಪ ಸುಧಾರಿಸಿದಾಗ ಅಪರಾಧ ಕಡಿಮೆಯಾದದ್ದನ್ನು ದಾಖಲಿಸಿದರು. ಮುಂದೆ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ಹಗಲಿನ ಅಪರಾಧವೂ ತಗ್ಗಿದ್ದು ಕಂಡಿತು. ಹಗಲಿಗೆ ದೀಪ ಏನು ಮಾಡೀತು? ಓಣಿಯ ಜನ ತಮ್ಮ ಓಣಿಯ ಮೇಲೆ ಕಣ್ಣಿಡತೊಡಗಿದ್ದೇ ಕಾರಣವಿರಬೇಕು ಅಂತ ಅವರ ವಿವರಣೆ. ಊರಿನ ಓಣಿಯಲ್ಲಿ ದೀಪ ಹತ್ತಿದರೆ ಎದುರು ಮನೆಯ ಅಜ್ಜಿ ಕಿಟಕಿಯಿಂದ ನೋಡುತ್ತಾಳೆ. ವಸ್ತಿಯಲ್ಲಿ ನೋಡುವವರಿಲ್ಲ. ಅಲ್ಲಿ ದೀಪದ ಬೆಳಕು ನೀವು ಮಲಗುವ ಕೋಣೆಯ ಕಿಟಕಿಗೆ ಬೀಳುವಂತಿರಬೇಕು, ಇಲ್ಲವೇ ಒಳಗೆ ಗಂಟೆ ಬಾರಿಸುವ ಸೆನ್ಸರ್ ಜೊತೆಗಿರಬೇಕು. ಯಾರೂ ನೋಡದ ದೀಪ ಕುರಿ ಕದಿಯಲು, ಪಂಪಿನ ಕೇಬಲ್ ಕತ್ತರಿಸಲು ಬಂದವನಿಗೂ ದಾರಿಯನ್ನೇ ತೋರಿಸುತ್ತದೆ.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ '100 ಎಲ್‌ಇಡಿ' ಅಂತ ಬರೆದದ್ದನ್ನು ನಂಬಿ ಹೋಗಬೇಡಿ, ಬ್ಯಾಟರಿ ನೋಡಿ. 3.7 ವೋಲ್ಟಿನ 2000 ಎಂಎಎಚ್ ಸೆಲ್ ಅಂದರೆ ಸುಮಾರು 7.4 ವ್ಯಾಟ್-ಅವರ್. 10 ವ್ಯಾಟ್ ಬೆಳಕನ್ನು ಒಂದೇ ಸಮನೆ ಉರಿಸಿದರೆ ಮುಕ್ಕಾಲು ತಾಸಿಗೆ ಖಾಲಿ. ಅದೇ ದೀಪ ರಾತ್ರಿಯಿಡೀ ಮಂದವಾಗಿ, ಮೂರನೇ ಒಂದು ವ್ಯಾಟಿನಲ್ಲಿ ಉರಿದು, ಆಳು ಬಂದಾಗ 30 ಸೆಕೆಂಡು ಪೂರ್ತಿ ಬೆಳಗುವಂತಿದ್ದರೆ, ಒಂದು ರಾತ್ರಿಗೆ ಸುಮಾರು 40 ಸಲ ಹತ್ತಬಹುದು. ನಾಯಿ, ಮೇಕೆ ಓಡಾಡುವ ಅಂಗಳದಲ್ಲಿ 40 ಸಲ ಅನ್ನೋದು ಹತ್ತು ಗಂಟೆಗೇ ಮುಗಿಯುತ್ತದೆ, ಅದಕ್ಕೇ ದನಕರು ಕಟ್ಟುವ ಕಡೆಗೆ ಸೆನ್ಸರ್ ಮುಖ ಇರಬಾರದು. ಇನ್ನು, ಪಿಐಆರ್‌ಗೆ ಅಡ್ಡ ಹಾಯುವ ಆಳು ಚೆನ್ನಾಗಿ ಕಾಣುತ್ತಾನೆ, ನೇರ ಎದುರಿಗೆ ಬರುವವನು ಅಷ್ಟಾಗಿ ಕಾಣುವುದಿಲ್ಲ. ಡಬ್ಬಿಯನ್ನು ದಾರಿಯ ಪಕ್ಕದಲ್ಲಿ, ಎಂಟು ಒಂಬತ್ತು ಅಡಿ ಎತ್ತರಕ್ಕೆ ಹಚ್ಚಬೇಕು.

ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ, ವರ್ಷದ ಸರಾಸರಿ ತೆಗೆದರೆ ಚದರ ಮೀಟರಿಗೆ ದಿನಕ್ಕೆ 5 ಯೂನಿಟ್‌ಗೂ ಹೆಚ್ಚು. ತೊಂದರೆ ಆ ಬಿಸಿಲಿನ ಕಾವಿನದ್ದೇ. ಸಾಮಾನ್ಯ ಲಿಥಿಯಂ ಸೆಲ್ಲನ್ನು 45 ಡಿಗ್ರಿ ಮೀರಿದ ಕಾವಿನಲ್ಲಿ ಚಾರ್ಜ್ ಮಾಡಿದರೆ ಆಯುಷ್ಯ ಕಡಿಮೆ. ಪಡುವಣ ಗೋಡೆಗೆ ಹಚ್ಚಿದ ಕಪ್ಪು ಡಬ್ಬಿಯ ಒಳಗೆ ಬೇಸಿಗೆ ಮಧ್ಯಾಹ್ನ ಎಷ್ಟು ಕಾವಿರುತ್ತದೆ ನೀವೇ ಊಹಿಸಿ. ಅದಕ್ಕೆ ಪ್ಯಾನೆಲ್ ಬೇರೆ, ದೀಪ ಬೇರೆ ಇದ್ದು ನಡುವೆ ವೈರ್ ಇರುವಂಥದ್ದನ್ನೇ ನಾನು ಆರಿಸುತ್ತೇನೆ: ಪ್ಯಾನೆಲ್ ಮಾಳಿಗೆಯ ಮೇಲೆ ತೆಂಕಣಕ್ಕೆ ಮುಖ ಮಾಡಿ ತುಸು ಓರೆಯಾಗಿ, ದೀಪ ಕೆಳಗೆ ನೆರಳಿನಲ್ಲಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ, ಅದು ಕಾವು ತಡೆಯುತ್ತದೆ. ಐಪಿ 65 ಅಂತ ಇದ್ದರೆ ಅದರಲ್ಲಿ 6 ಧೂಳಿಗೆ, 5 ನೀರಿಗೆ. ಕರಿ ಮಣ್ಣಿನ ಸೀಮೆಗೆ ಆ 6 ಮುಖ್ಯ. ಡಬ್ಬಿಯ ಹಿಂದೆ ಸ್ಕ್ರೂ ಇದೆಯೋ, ಅಂಟು ಹಾಕಿ ಮುಚ್ಚಿದ್ದಾರೋ ಅದನ್ನೂ ಅಂಗಡಿಯಲ್ಲೇ ನೋಡಿ. ಸ್ಕ್ರೂ ಇದ್ದರೆ ಎರಡು ವರ್ಷದ ಮೇಲೆ ಸೆಲ್ ಬದಲಿಸಬಹುದು. ಜೋಳದ ರಾಶಿ ಆದ ವಾರ ಪ್ಯಾನೆಲ್ ಮೇಲೆ ಹೊಟ್ಟು ಕೂತಿರುತ್ತದೆ, ಒದ್ದೆ ಅರಿವೆಯಿಂದ ಒರೆಸಿ.