ವೇದನೆಯೂ ವೈದ್ಯಶಾಸ್ತ್ರವೂ

'ವೇದನೆ' ಎಂಬ ಶಬ್ದವು 'ವಿದ್' ಎಂಬ ಸಂಸ್ಕೃತ ಧಾತುವಿನಿಂದ ಹುಟ್ಟಿದುದು. ಅದಕ್ಕೆ ಅರಿಯುವುದು ಎಂದರ್ಥ. ವೇದ, ವಿದ್ಯೆ, ವೈದ್ಯ ಎಂಬ ಮಾತುಗಳೂ ಇದೇ ಧಾತುವಿನ ಸಂತಾನ. ನೋವೂ ಒಂದು ಬಗೆಯ ಅರಿವೇ ಎಂಬುದನ್ನು ನಮ್ಮ ಹಿರಿಯರು ಕಂಡಿದ್ದರು. ಆದರೆ ಈ ಅರಿವು ಉಳಿದ ಅರಿವುಗಳಂತಲ್ಲ. ಹೂವಿನ ಬಣ್ಣವನ್ನು ಹತ್ತು ಮಂದಿ ಕೂಡಿ ನೋಡಬಹುದು. ನೋವನ್ನು ಅರಿಯುವವನು ಒಬ್ಬನೇ. ಮಿಕ್ಕವರು ಆತನ ಮಾತನ್ನು ನಂಬಬೇಕು, ಇಲ್ಲವೆ ಅಲ್ಲಗಳೆಯಬೇಕು. ವೈದ್ಯಶಾಸ್ತ್ರದಲ್ಲಿ ವೇದನೆಯ ಚರಿತ್ರೆಯೆಂಬುದು ಬಹುಮಟ್ಟಿಗೆ ಈ ನಂಬುಗೆ ಅಪನಂಬುಗೆಗಳ ಚರಿತ್ರೆಯೇ ಆಗಿದೆ. ಅದರ ಮುಖ್ಯ ಘಟ್ಟಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

೧

ನೋವನ್ನು ಮರೆಸುವ ಯತ್ನವು ಬಹು ಪುರಾತನವಾದುದು. ಮದ್ಯದ ಅಭ್ಯಾಸವುಳ್ಳ ರೋಗಿಯು ವೇದನೆಯನ್ನು ತಾಳಲಾರದವನಾದರೆ ಶಸ್ತ್ರಕ್ರಿಯೆಗೆ ಮುನ್ನ ಅವನಿಗೆ ತೀಕ್ಷ್ಣವಾದ ಮದ್ಯವನ್ನು ಕುಡಿಸಬೇಕೆಂದು ಸುಶ್ರುತಸಂಹಿತೆಯು ವಿಧಿಸುತ್ತದೆ. ಅಫೀಮಿನ ಗುಣವನ್ನು ಹಲವು ದೇಶಗಳ ವೈದ್ಯರು ಬಲ್ಲವರಾಗಿದ್ದರು. ಆದರೂ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಶಸ್ತ್ರಚಿಕಿತ್ಸೆಯೆಂದರೆ ಎಚ್ಚರವಿರುವ ಮನುಷ್ಯನನ್ನು ಕೊಯ್ಯುವುದೇ ಆಗಿತ್ತು. ಇಂಗ್ಲೆಂಡಿನ ಕಾದಂಬರಿಗಾರ್ತಿ ಫ್ಯಾನಿ ಬರ್ನಿಗೆ ೧೮೧೧ರಲ್ಲಿ ಪ್ಯಾರಿಸ್ ನಗರದಲ್ಲಿ ಎದೆಯ ಗೆಡ್ಡೆಗಾಗಿ ಶಸ್ತ್ರಕ್ರಿಯೆಯಾಯಿತು. ಆಕೆಗೆ ದೊರೆತ ಉಪಶಮನವೆಂದರೆ ಒಂದಿಷ್ಟು ದ್ರಾಕ್ಷಾರಸ ಮಾತ್ರ. ಕ್ರಿಯೆಯು ಸುಮಾರು ಇಪ್ಪತ್ತು ನಿಮಿಷ ನಡೆಯಿತು. ತಿಂಗಳುಗಳು ಕಳೆದ ಮೇಲೆ ಅದನ್ನು ವರ್ಣಿಸಿ ಅಕ್ಕನಿಗೆ ಬರೆದ ಪತ್ರವನ್ನು ಮತ್ತೊಮ್ಮೆ ಓದಿ ತಿದ್ದುವ ಧೈರ್ಯ ತನಗಿಲ್ಲವೆಂದು ಆಕೆ ಹೇಳಿಕೊಂಡಿದ್ದಾಳೆ. ಬಳಿಕ ಆಕೆ ೧೮೪೦ರವರೆಗೆ ಬದುಕಿದ್ದಳು. ಗೆಡ್ಡೆ ಹೋಯಿತು, ನೆನಪು ಹೋಗಲಿಲ್ಲ.

ಈ ಕತ್ತಲೆಗೆ ಬೆಳಕು ಬಂದುದು ೧೮೪೬ನೆಯ ಅಕ್ಟೋಬರ್ ೧೬ರಂದು. ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಮಾರ್ಟನ್ ಎಂಬ ದಂತವೈದ್ಯನು ರೋಗಿಯೊಬ್ಬನಿಗೆ ಈಥರಿನ ಆವಿಯನ್ನು ಸೇವನೆ ಮಾಡಿಸಿದನು. ವಾರೆನ್ ಎಂಬ ವೃದ್ಧ ಶಸ್ತ್ರವೈದ್ಯನು ಆ ರೋಗಿಯ ಕತ್ತಿನ ಗೆಡ್ಡೆಯನ್ನು ಕೊಯ್ದನು. ರೋಗಿಯು ಚೀರಲಿಲ್ಲ. ಮರುವರ್ಷವೇ ಎಡಿನ್‌ಬರೋ ನಗರದ ಸಿಂಪ್ಸನ್ನನು ಕ್ಲೋರೋಫಾರಮನ್ನು ಬಳಕೆಗೆ ತಂದನು.

ಇಂತಹ ವರವನ್ನು ಜಗತ್ತು ಒಮ್ಮನಸ್ಸಿನಿಂದ ಸ್ವಾಗತಿಸಿತೆಂದು ತಿಳಿಯಬಾರದು. ಹೆರಿಗೆಯ ಬೇನೆಯು ದೈವವಿಧಿತವಾದುದು, ಅದನ್ನು ನಿವಾರಿಸುವುದು ಸಲ್ಲದು ಎಂದವರುಂಟು. ನೋವೇ ಜೀವದ ಶಕ್ತಿಯ ಗುರುತು ಎಂದು ವಾದಿಸಿದ ವೈದ್ಯರುಂಟು. ೧೮೫೩ರಲ್ಲಿ ವಿಕ್ಟೋರಿಯಾ ರಾಣಿಯು ತನ್ನ ಹೆರಿಗೆಯಲ್ಲಿ ಕ್ಲೋರೋಫಾರಮನ್ನು ಸ್ವೀಕರಿಸಿದ ಮೇಲೆ ಆ ಆಕ್ಷೇಪಗಳ ಸದ್ದು ತಗ್ಗಿತು. ಆ ಔಷಧದ ಅಪಾಯಗಳನ್ನು ಕುರಿತ ವಿವಾದವು ನಮ್ಮ ನೆರೆಗೂ ಬಂದಿತು. ೧೮೮೮ ಮತ್ತು ೧೮೮೯ರಲ್ಲಿ ಅದರ ಪರೀಕ್ಷೆಗೆಂದು ಎರಡು ಆಯೋಗಗಳು ಕುಳಿತುದು ಹೈದರಾಬಾದಿನಲ್ಲಿ, ನಿಜಾಮರ ಸರ್ಕಾರದ ವೆಚ್ಚದಲ್ಲಿ. ಕಲಬುರ್ಗಿ, ರಾಯಚೂರು, ಬೀದರ್ ಸೀಮೆಗಳು ಆಗ ಅದೇ ಸಂಸ್ಥಾನಕ್ಕೆ ಸೇರಿದ್ದುವು.

೨

ಕತ್ತಿಯ ನೋವೇನೋ ಅಡಗಿತು. ನೋವೆಂದರೇನು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಫ್ರಾನ್ಸ್ ದೇಶದ ತತ್ತ್ವಜ್ಞಾನಿ ಡೆಕಾರ್ಟನು, ತನ್ನ ಮರಣಾನಂತರ ೧೬೬೪ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾದ ಗ್ರಂಥದಲ್ಲಿ, ಇದಕ್ಕೊಂದು ಉತ್ತರವನ್ನು ಕೊಟ್ಟಿದ್ದನು. ಕಾಲು ಬೆಂಕಿಗೆ ತಾಗಿದರೆ ಅಲ್ಲಿಂದ ತಲೆಯವರೆಗೆ ಚಾಚಿದ ಎಳೆಯೊಂದು ಜಗ್ಗುತ್ತದೆ. ಹಗ್ಗದ ಕೆಳತುದಿಯನ್ನೆಳೆದರೆ ಮೇಲಿನ ಗಂಟೆ ಬಾರಿಸುವಂತೆ ಮಿದುಳಿನಲ್ಲಿ ನೋವು ಎಚ್ಚರಗೊಳ್ಳುತ್ತದೆ ಎಂಬುದು ಅವನ ಮತ. ಸರಳವೂ ಸುಂದರವೂ ಆದ ಈ ಉಪಮೆಯಿಂದ ಒಂದು ಅನರ್ಥವೂ ಹುಟ್ಟಿತು. ಗಾಯವೆಷ್ಟೋ ನೋವೂ ಅಷ್ಟೇ ಎಂದಾದ ಮೇಲೆ, ಗಾಯ ಕಾಣದೆ ನೋವೆನ್ನುವವನು ಸುಳ್ಳುಗಾರನಾಗಬೇಕು, ಇಲ್ಲವೆ ಚಿತ್ತ ಕೆಟ್ಟವನಾಗಬೇಕು. ಅನೇಕ ರೋಗಿಗಳು ಈ ಎರಡು ಹೆಸರುಗಳಲ್ಲೊಂದನ್ನು ಹೊತ್ತು ಮನೆಗೆ ಮರಳಬೇಕಾಯಿತು.

ಆದರೆ ಅನುಭವವು ಈ ಲೆಕ್ಕಕ್ಕೆ ಒಗ್ಗಲಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಾಳುಗಳನ್ನು ನೋಡಿಕೊಂಡ ವೀಯರ್ ಮಿಚೆಲ್ ಎಂಬ ವೈದ್ಯನು, ಕೈಕಾಲುಗಳನ್ನು ಕಳೆದುಕೊಂಡವರಲ್ಲಿ ಹಲವರು ಇಲ್ಲದ ಅವಯವದಲ್ಲಿ ಉರಿಯನ್ನೂ ಸೆಳೆತವನ್ನೂ ಅನುಭವಿಸುವುದನ್ನು ಕಂಡು ಬರೆದನು. ಇಲ್ಲಿ ಹಗ್ಗವೇ ಕಡಿದುಹೋಗಿದೆ. ಗಂಟೆ ಮಾತ್ರ ಬಾರಿಸುತ್ತಲೇ ಇದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬೀಚರ್ ಎಂಬ ಸೇನಾವೈದ್ಯನು ಇದರ ವಿಪರ್ಯಾಸವನ್ನು ಕಂಡನು. ಘೋರವಾಗಿ ಗಾಯಗೊಂಡ ೨೧೫ ಸೈನಿಕರನ್ನು ವಿಚಾರಿಸಲು, ಅವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ, ಔಷಧ ಬೇಡುವಷ್ಟು ನೋವು ತಮಗಿಲ್ಲವೆಂದರು. ೧೯೪೬ರಲ್ಲಿ ಈ ವಿಷಯವನ್ನು ಪ್ರಕಟಿಸಿದ ಆತನು, ಗಾಯದ ಗಾತ್ರಕ್ಕಿಂತ ಗಾಯದ ಅರ್ಥವೇ ನೋವನ್ನು ಹೆಚ್ಚಾಗಿ ನಿರ್ಣಯಿಸುವುದೆಂದು ತರ್ಕಿಸಿದನು. ರಣರಂಗದ ಗಾಯವೆಂದರೆ ಮನೆಗೆ ಮರಳುವ ರಹದಾರಿ. ಊರಿನಲ್ಲಾದ ಗಾಯವೆಂದರೆ ಕಷ್ಟನಷ್ಟಗಳ ಆರಂಭ.

ಇವೆರಡನ್ನೂ ಒಂದೇ ಸೂತ್ರದಲ್ಲಿ ಪೋಣಿಸಲು ಯತ್ನಿಸಿದವರು ಕೆನಡಾ ದೇಶದ ಮನಶ್ಶಾಸ್ತ್ರಜ್ಞ ಮೆಲ್ಜಾಕ್ ಮತ್ತು ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ವಾಲ್. ೧೯೬೫ರಲ್ಲಿ ಇವರು ಮಂಡಿಸಿದ ಸಿದ್ಧಾಂತದಂತೆ ಬೆನ್ನುಹುರಿಯಲ್ಲಿ ಒಂದು ಬಗೆಯ ದ್ವಾರವುಂಟು. ನೋವಿನ ಸುದ್ದಿಯನ್ನು ಹೊತ್ತ ನರತಂತುಗಳು ಅದನ್ನು ತೆರೆಯುತ್ತವೆ. ಸ್ಪರ್ಶದ ಸುದ್ದಿಯನ್ನು ಹೊತ್ತವು ಅದನ್ನು ಮುಚ್ಚುತ್ತವೆ. ಮೇಲಿನಿಂದ ಮಿದುಳು ಕೂಡ, ಭಯವೋ ಭರವಸೆಯೋ ಇದ್ದಂತೆ, ಆ ದ್ವಾರದ ಮೇಲೆ ಅಧಿಕಾರ ನಡೆಸುತ್ತದೆ. ಎಡವಿ ಬಿದ್ದ ಮಗುವಿನ ಮೊಣಕಾಲನ್ನು ತಾಯಿ ತಿಕ್ಕಿ ಊದುವುದು ಬರಿಯ ಮುದ್ದಿನ ಮಾತಲ್ಲವೆಂದು ಇದರಿಂದ ತಿಳಿಯಿತು. ಸಿದ್ಧಾಂತದ ವಿವರಗಳು ಮುಂದೆ ಎಷ್ಟೋ ತಿದ್ದುಪಾಟು ಹೊಂದಿದುವು. ನೋವು ಕೇವಲ ಕೆಳಗಿನಿಂದ ಬರುವ ಸುದ್ದಿಯಲ್ಲ, ಮಿದುಳು ಅದನ್ನು ತೂಗಿ ತಿದ್ದುತ್ತದೆ ಎಂಬ ಮೂಲತತ್ತ್ವವು ಉಳಿಯಿತು. ಮಿದುಳು ತನ್ನ ಅಫೀಮನ್ನು ತಾನೇ ತಯಾರಿಸಿಕೊಳ್ಳುವುದೆಂಬುದನ್ನು ೧೯೭೫ರಲ್ಲಿ ಅಬರ್‌ಡೀನ್ ನಗರದ ಹ್ಯೂಸ್ ಮತ್ತು ಕಾಸ್ಟರ್‌ಲಿಟ್ಸ್ ಎಂಬವರು ತೋರಿಸಿಕೊಟ್ಟರು. ಅದೇ ವರ್ಷ ಮೆಲ್ಜಾಕನು ರೋಗಿಗಳು ಆಡುವ ಮಾತುಗಳನ್ನೇ ಆಯ್ದು ಜೋಡಿಸಿದ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದನು. ಚುಚ್ಚುವ, ಸಿಡಿಯುವ, ಸೆಳೆಯುವ, ಉರಿಯುವ ನೋವುಗಳೆಂದು ನಮ್ಮ ಅಜ್ಜಿಯರು ಮಾಡುತ್ತಿದ್ದ ವಿಂಗಡಣೆಯು ವಿಜ್ಞಾನದ ಸಾಧನವಾದಂತಾಯಿತು.

೩

ಮಾತನಾಡಬಲ್ಲವರ ಪಾಡೇ ಹೀಗಾದರೆ, ಮಾತು ಬಾರದವರ ಪಾಡೇನು? ಈ ಚರಿತ್ರೆಯಲ್ಲಿ ಓದಲು ಅತ್ಯಂತ ಕಷ್ಟವಾದ ಪುಟ ಇದೇ. ನವಜಾತ ಶಿಶುಗಳ ನರಮಂಡಲವು ಅಪಕ್ವವಾದುದು, ಅವು ನೋವನ್ನು ಅರಿಯವು, ಅರಿತರೂ ನೆನಪಿಡವು ಎಂಬ ಅಭಿಪ್ರಾಯವು ೧೯೮೦ರ ದಶಕದವರೆಗೂ ಪ್ರಬಲವಾಗಿತ್ತು. ಅರಿವಳಿಕೆಯ ಔಷಧಗಳು ಆ ಎಳೆಯ ಜೀವಗಳಿಗೆ ಅಪಾಯವೆಂಬ ಭಯವೂ ಸೇರಿತ್ತು. ಆದಕಾರಣ ದಿನ ತುಂಬದೆ ಹುಟ್ಟಿದ ಎಷ್ಟೋ ಕೂಸುಗಳಿಗೆ, ಕೈಕಾಲು ಆಡದಂತೆ ಮಾಡುವ ಔಷಧವನ್ನು ಕೊಟ್ಟು, ನೋವನ್ನು ಕಳೆಯುವ ಔಷಧವನ್ನು ಅತ್ಯಲ್ಪವಾಗಿ ಕೊಟ್ಟೋ ಕೊಡದೆಯೋ ಶಸ್ತ್ರಕ್ರಿಯೆಯನ್ನು ನಡೆಸುತ್ತಿದ್ದರು. ಅಲುಗದ ಕೂಸಿಗೆ ನೋವಿಲ್ಲವೆಂದು ನೋಡುವವರಿಗೆ ತೋರುತ್ತಿತ್ತು.

ಇದನ್ನು ಪ್ರಶ್ನಿಸಿದವರು ಭಾರತೀಯರೇ ಆದ ಡಾಕ್ಟರ್ ಕನ್ವಲ್‌ಜೀತ್ ಆನಂದ್ ಅವರು. ಇಂದೂರಿನಲ್ಲಿ ವೈದ್ಯವಿದ್ಯೆಯನ್ನು ಕಲಿತು ಆಕ್ಸ್‌ಫರ್ಡಿಗೆ ತೆರಳಿದ್ದ ಅವರು, ಶಿಶುಗಳ ರಕ್ತದಲ್ಲಿ ಸಂಕಟಕಾಲಕ್ಕೆ ಹೆಚ್ಚುವ ಸ್ರಾವಗಳನ್ನು ಅಳೆದು ನೋಡಿದರು. ಎರಡು ಗುಂಪುಗಳಲ್ಲಿ ಒಂದಕ್ಕೆ ರೂಢಿಯ ಕ್ರಮದೊಡನೆ ಫೆಂಟನಿಲ್ ಎಂಬ ಪ್ರಬಲ ವೇದನಾಹರವನ್ನು ಕೊಡಲಾಯಿತು. ಇನ್ನೊಂದಕ್ಕೆ ರೂಢಿಯ ಕ್ರಮ ಮಾತ್ರ. ವೇದನಾಹರವನ್ನು ಪಡೆದ ಕೂಸುಗಳ ಶರೀರದ ತಲ್ಲಣವು ಬಹಳ ಕಡಮೆಯಾಗಿತ್ತು. ಶಸ್ತ್ರಕ್ರಿಯೆಯ ಬಳಿಕ ಅವು ಚೇತರಿಸಿಕೊಂಡುದೂ ಮೇಲಾಗಿತ್ತು. ೧೯೮೭ರಲ್ಲಿ ಈ ಫಲಿತಾಂಶವು ಪ್ರಕಟವಾಗಲು, ಅದೇ ವರ್ಷ ಅಮೆರಿಕದ ಶಿಶುವೈದ್ಯರ ಸಂಸ್ಥೆಯು ಎಳೆಗೂಸುಗಳಿಗೂ ಅರಿವಳಿಕೆಯನ್ನು ಕೊಡಬೇಕೆಂದು ಸಾರಿತು. ಬಾಯಿ ಹೇಳಲಾರದುದನ್ನು ರಕ್ತವು ಹೇಳಿತ್ತು. ಆದರೆ ಪ್ರತಿಯೊಬ್ಬ ತಾಯಿಗೂ ಗೊತ್ತಿದ್ದ ಸಂಗತಿಯನ್ನು ಒಪ್ಪುವುದಕ್ಕೆ ಶಾಸ್ತ್ರಕ್ಕೆ ರಕ್ತದ ಸಾಕ್ಷಿಯೇ ಬೇಕಾಯಿತೆಂಬುದು ಚಿಂತಿಸತಕ್ಕ ವಿಷಯ.

೪

ಇನ್ನು ನಮ್ಮ ದೇಶದ ಮಾತು. ಅಫೀಮಿನ ಸಾರವಾದ ಮಾರ್ಫೀನನ್ನು ಜರ್ಮನಿಯ ಸೆರ್ಟ್ಯೂರ್ನರ್ ಎಂಬ ಔಷಧಗಾರನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಬೇರ್ಪಡಿಸಿದ್ದನು. ಅರ್ಬುದರೋಗದ ಕಡೆಯ ದಿನಗಳಲ್ಲಿ ಇದನ್ನು ರೋಗಿಯು ಗೋಗರೆದ ಮೇಲೆ ಕೊಡುವುದಲ್ಲ, ನೋವು ತಲೆಯೆತ್ತುವ ಮುನ್ನವೇ ಹೊತ್ತುಹೊತ್ತಿಗೆ ಬಾಯಿಯ ಮೂಲಕ ಕೊಡಬೇಕೆಂದು ಸಾಧಿಸಿ ತೋರಿಸಿದವಳು ಲಂಡನ್ನಿನ ಸಿಸಿಲಿ ಸಾಂಡರ್ಸ್. ದಾದಿಯಾಗಿ ಸೇವೆಯನ್ನಾರಂಭಿಸಿ ಬಳಿಕ ವೈದ್ಯಳಾದ ಈಕೆ ೧೯೬೭ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆಶ್ರಯಧಾಮವನ್ನು ತೆರೆದಳು. ಶರೀರ, ಮನಸ್ಸು, ಸಂಸಾರ, ಆತ್ಮ ಈ ನಾಲ್ಕರ ಸಂಕಟವೂ ಕೂಡಿದುದೇ ಸಾಯುವವನ ನೋವು ಎಂಬುದು ಆಕೆಯ ಉಪದೇಶ. ೧೯೮೬ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅರ್ಬುದದ ನೋವಿಗೆ ಮೆಟ್ಟಿಲು ಮೆಟ್ಟಿಲಾಗಿ ಔಷಧವನ್ನು ಏರಿಸುವ ಕ್ರಮವನ್ನು ಜಗತ್ತಿಗೆ ಸಾರಿತು. ಅದರ ಮೇಲುಮೆಟ್ಟಿಲಿನಲ್ಲಿರುವುದು ಮಾರ್ಫೀನೇ.

ಭಾರತವು ಔಷಧೋಪಯೋಗಕ್ಕಾಗಿ ಅಫೀಮನ್ನು ಸಕ್ರಮವಾಗಿ ಬೆಳೆಯುವ ದೇಶ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಹೊಲಗಳಲ್ಲಿ ಗಸಗಸೆಯ ಕಾಯಿಗಳನ್ನು ಗೀರಿ ತೆಗೆದ ಹಾಲು ದೇಶಾಂತರಗಳಿಗೆ ಹೋಗಿ ಅಲ್ಲಿನವರ ನೋವನ್ನು ತಣಿಸುತ್ತ ಬಂದಿದೆ. ಇಂತಿರಲು, ೧೯೮೫ರಲ್ಲಿ ಮಾದಕವಸ್ತುಗಳ ನಿಯಂತ್ರಣಕ್ಕೆಂದು ಆದ ಕಾನೂನು, ಕಳ್ಳವ್ಯಾಪಾರವನ್ನು ತಡೆಯುವ ಸದುದ್ದೇಶದ್ದೇ ಆದರೂ, ಆಸ್ಪತ್ರೆಗಳನ್ನು ಹಲವು ಇಲಾಖೆಗಳ ಪರವಾನಗಿಗಳಿಗಾಗಿ ಅಲೆಯಿಸಿತು; ಸಣ್ಣ ತಪ್ಪಿಗೂ ಸೆರೆಮನೆಯ ಭಯವನ್ನೊಡ್ಡಿತು. ಔಷಧದಂಗಡಿಗಳು ಮಾರ್ಫೀನನ್ನಿಡುವುದನ್ನೇ ಬಿಟ್ಟವು. ೧೯೯೭ರ ಹೊತ್ತಿಗೆ ದೇಶದಲ್ಲಿ ಅದರ ವೈದ್ಯಕೀಯ ಬಳಕೆಯು ನೂರಕ್ಕೆ ಸುಮಾರು ೯೭ರಷ್ಟು ಕುಗ್ಗಿಹೋಗಿತ್ತು. ಬೆಳೆದ ಮನೆಯಲ್ಲೇ ಅನ್ನಕ್ಕೆ ಬರ ಬಂದಂತಾಯಿತು. ಒಂದು ತಲೆಮಾರಿನ ವೈದ್ಯವಿದ್ಯಾರ್ಥಿಗಳು ಆ ಔಷಧವನ್ನು ಕೊಡುವ ಬಗೆಯನ್ನು ಕಣ್ಣಾರೆ ಕಾಣದೆಯೇ ವೈದ್ಯರಾದರು.

ಇದಕ್ಕೆ ಪ್ರತೀಕಾರವು ಕೇರಳದಲ್ಲಿ ಆರಂಭವಾಯಿತು. ೧೯೯೩ರಲ್ಲಿ ಕಲ್ಲಿಕೋಟೆಯಲ್ಲಿ ಡಾಕ್ಟರ್ ಎಂ. ಆರ್. ರಾಜಗೋಪಾಲ್, ಡಾಕ್ಟರ್ ಸುರೇಶ್ ಕುಮಾರ್ ಮೊದಲಾದವರು ಸೇರಿ ಕಟ್ಟಿದ ಸಂಸ್ಥೆಯು, ಊರಿನ ಸಾಮಾನ್ಯಜನರನ್ನೇ ಸ್ವಯಂಸೇವಕರನ್ನಾಗಿಸಿಕೊಂಡು ರೋಗಿಗಳ ಮನೆಬಾಗಿಲಿಗೆ ಉಪಶಮನವನ್ನು ಕೊಂಡೊಯ್ದಿತು. ನಮ್ಮ ಬೆಂಗಳೂರಿನ ಕರುಣಾಶ್ರಯವು ೧೯೯೯ರಿಂದ, ಗುಣವಾಗದ ಅರ್ಬುದರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತ ಬಂದಿದೆ. ಇಂಥವರ ದೀರ್ಘಪ್ರಯತ್ನದಿಂದ ೨೦೧೪ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ, ಅತ್ಯಾವಶ್ಯಕವಾದ ವೇದನಾಹರಗಳಿಗೆ ಒಂದೇ ಪರವಾನಗಿ ಸಾಕೆಂದಾಯಿತು. ಕಾಗದದ ಮೇಲಿನ ಕಟ್ಟು ಸಡಿಲವಾದರೂ ಮನಸ್ಸಿನೊಳಗಿನ ಭಯವು ಇನ್ನೂ ಪೂರ್ತಿ ಸಡಿಲವಾಗಿಲ್ಲ.

ಆ ಭಯವು ನಿರಾಧಾರವಾದುದೆಂದು ಹೇಳುವುದೂ ನ್ಯಾಯವಲ್ಲ. ೧೯೯೦ರ ದಶಕದ ಕೊನೆಯಿಂದ ಅಮೆರಿಕದಲ್ಲಿ ಇದೇ ಜಾತಿಯ ಔಷಧಗಳನ್ನು, ಚಟ ಹತ್ತುವ ಸಂಭವವು ಅತ್ಯಲ್ಪವೆಂಬ ವ್ಯಾಪಾರದ ಮಾತನ್ನು ನಂಬಿ, ಬೆನ್ನುನೋವಿನಂತಹ ದೀರ್ಘಕಾಲದ ಬೇನೆಗಳಿಗೂ ಧಾರಾಳವಾಗಿ ಬರೆದುಕೊಟ್ಟರು. ಚಟವು ಹಬ್ಬಿತು; ಬಳಿಕ ಕಳ್ಳಸಂತೆಯ ಮಾದಕಗಳೂ ಸೇರಿ ಲಕ್ಷಾಂತರ ಜನರು ಪ್ರಾಣ ತೆತ್ತರು. ಒಂದು ದೇಶವು ಕೊಡದೆ ಕೆಟ್ಟಿತು, ಇನ್ನೊಂದು ಅಳತೆಗೆಟ್ಟು ಕೊಟ್ಟು ಕೆಟ್ಟಿತು. ಸಾಯುವವನ ನೋವಿಗೂ ಬಾಳಬೇಕಾದವನ ಬಹುಕಾಲದ ನೋವಿಗೂ ಔಷಧವು ಒಂದೇ ಅಲ್ಲ. ಎರಡನೆಯದಕ್ಕೆ ವ್ಯಾಯಾಮ, ನಿದ್ರೆ, ಮನಸ್ಸಿನ ಚಿಕಿತ್ಸೆ ಇವು ಮಾತ್ರೆಯಷ್ಟೇ ಮುಖ್ಯವೆಂಬುದು ಈಗಿನ ವೈದ್ಯರ ನಿಲವು.

೫

ಆದಕಾರಣ ಚಟ ಹತ್ತಿಸದ ವೇದನಾಹರವನ್ನು ಹುಡುಕುವ ಕಾರ್ಯವು ಭರದಿಂದ ಸಾಗಿದೆ. ೧೯೯೭ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು, ಮೆಣಸಿನಕಾಯಿಯ ಖಾರವನ್ನು ಗ್ರಹಿಸುವ ನರದ್ವಾರವೇ ಸುಡುವ ಶಾಖವನ್ನೂ ಗ್ರಹಿಸುವುದೆಂದು ಕಂಡುಕೊಂಡರು. ಬೆಂಕಿ ತಾಗಿದರೂ 'ಉರಿ', ಖಾರ ತಿಂದರೂ 'ಬಾಯಿ ಉರಿ' ಎನ್ನುವ ಕನ್ನಡಿಗರಿಗೆ ಇದು ತೀರ ಹೊಸಮಾತೆಂದು ತೋರದಿರಬಹುದು! ಈ ಶೋಧಕ್ಕಾಗಿ ಜೂಲಿಯಸ್ಸನು, ಸ್ಪರ್ಶದ ರಹಸ್ಯವನ್ನು ಬಿಡಿಸಿದ ಪಟಪೂಟಿಯನ್ನನೊಡನೆ, ೨೦೨೧ರಲ್ಲಿ ನೊಬೆಲ್ ಪಾರಿತೋಷಿಕವನ್ನು ಪಡೆದನು.

೨೦೦೬ರಲ್ಲಿ ಇನ್ನೊಂದು ವಿಚಿತ್ರ ಸಂಗತಿಯು ಹೊರಬಿದ್ದಿತು. ಪಾಕಿಸ್ತಾನದ ಉತ್ತರಭಾಗದ ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ನೋವನ್ನರಿಯದ ಮಕ್ಕಳಿದ್ದರು. ಅವರಲ್ಲೊಬ್ಬ ಹುಡುಗನು ಬೀದಿಯಲ್ಲಿ ಕೆಂಡದ ಮೇಲೆ ನಡೆದು, ತೋಳಿಗೆ ಚೂರಿಯನ್ನು ಚುಚ್ಚಿಕೊಂಡು ಜನರನ್ನು ರಂಜಿಸುತ್ತಿದ್ದನು. ಸಂಶೋಧಕರು ಅವನನ್ನು ಕಾಣುವ ಮುನ್ನವೇ ಮನೆಯ ಮಾಳಿಗೆಯಿಂದ ಧುಮುಕಿ ಅಸುನೀಗಿದನು. ನೋವು ಶತ್ರುವಷ್ಟೇ ಅಲ್ಲ, ಕಾವಲುಗಾರನೂ ಹೌದೆಂಬುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನ ಬೇಡ. ಆ ಮಕ್ಕಳಲ್ಲಿ ನರತಂತುಗಳ ಸೋಡಿಯಂ ದ್ವಾರವೊಂದು ಕೆಲಸಮಾಡುತ್ತಿರಲಿಲ್ಲ. ಅದರ ಸೋದರನೆನ್ನಬಹುದಾದ ಮತ್ತೊಂದು ದ್ವಾರವನ್ನು ತಡೆಯುವ ಸುಜೆಟ್ರಿಜಿನ್ ಎಂಬ ಔಷಧಕ್ಕೆ ೨೦೨೫ನೆಯ ಜನವರಿಯಲ್ಲಿ ಅಮೆರಿಕದ ಸರ್ಕಾರವು ಒಪ್ಪಿಗೆಯನ್ನಿತ್ತಿದೆ. ಇದು ಅಫೀಮಿನ ಜಾತಿಗೆ ಸೇರಿದುದಲ್ಲ. ಆದರೆ ಒಪ್ಪಿಗೆಯಿರುವುದು ಅಲ್ಪಕಾಲದ ನೋವಿಗೆ ಮಾತ್ರ.

ಇಷ್ಟೆಲ್ಲ ಶೋಧಗಳ ನಡುವೆ, ನನ್ನ ಮಟ್ಟಿಗೆ, ಅತ್ಯಂತ ಮುಖ್ಯವಾದುದು ಯಾವ ಔಷಧವೂ ಅಲ್ಲ, ಒಂದು ವಾಕ್ಯ. ವೇದನಾಶಾಸ್ತ್ರದ ಅಂತರರಾಷ್ಟ್ರೀಯ ಸಂಘವು ೧೯೭೯ರ ತನ್ನ ನಿರೂಪಣೆಯನ್ನು ೨೦೨೦ರಲ್ಲಿ ತಿದ್ದಿದಾಗ, ನೋವಿದೆಯೆಂದು ಒಬ್ಬನು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂದೂ, ಹೇಳಲಾರದವನಿಗೆ ನೋವಿಲ್ಲವೆಂದು ತಿಳಿಯಬಾರದು ಎಂದೂ ಸೇರಿಸಿತು. ಮುನ್ನೂರೈವತ್ತು ವರ್ಷಗಳ ವಾದವಿವಾದಗಳ ಫಲ ಇದು.

ಈ ವಾಕ್ಯವು ವೈದ್ಯರಿಗೆ ಮಾತ್ರ ಸಂಬಂಧಿಸಿದುದಲ್ಲ. ಮೂಲೆಯ ಹಾಸಿಗೆಯಲ್ಲಿ ನರಳುವ ಮುದುಕರನ್ನು 'ವಯಸ್ಸಾದ ಮೇಲೆ ಇದ್ದದ್ದೇ' ಎನ್ನುವವರು ನಾವು. ಹೆಂಗಸರ ಬೇನೆಯನ್ನು ಸಹನೆಯ ಪರೀಕ್ಷೆಯೆಂದು ಹೊಗಳಿ ಸುಮ್ಮನಾಗುವವರೂ ನಾವೇ. ನರಳುವವರ ಮಾತನ್ನು ಮೊದಲು ಕೇಳುವವರು ಮನೆಯವರು. ಅವರು ನಂಬಿದರಲ್ಲವೆ ರೋಗಿಯು ವೈದ್ಯನ ಬಳಿಗೆ ಹೋಗುವುದು? ಮಾರ್ಫೀನಿಗೆ ಪರವಾನಗಿ ಬೇಕು. ನಂಬುಗೆಗೆ ಯಾರ ಪರವಾನಗಿಯೂ ಬೇಡ.