ಮಟ್ಟದ ಬ್ಲೇಡು

ಹೊಲ, ಕಣ, ತೋಟದ ದಾರಿಯ ಉಬ್ಬುತಗ್ಗು ಸರಿಪಡಿಸಲು ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಉಕ್ಕಿನ ಹಲಗೆ. ಹಿಂದೆ ಎತ್ತುಗಳು ಎಳೆಯುತ್ತಿದ್ದ ಮರದ ಹಲಗೆಯ ಕೆಲಸವೇ ಇದರದೂ. ಹಾಸನ ತಾಲ್ಲೂಕಿನ ಸಾಲಗಾಮೆ ಹೋಬಳಿಯಂಥ ಕಡೆಯ ರಾಗಿ, ಆಲೂಗಡ್ಡೆ, ಮುಸುಕಿನ ಜೋಳದ ಸಣ್ಣ ಹಿಡುವಳಿಗಳಿಗೆ ಮಿನಿ ಟ್ರ್ಯಾಕ್ಟರೇ ಹೊಂದುತ್ತದೆ. ಅದಕ್ಕೆ ಎಷ್ಟಗಲದ ಬ್ಲೇಡು ಎಂಬುದೇ ಪ್ರಶ್ನೆ.

ಹಿಂದಿನ ಟೈರುಗಳ ಹೊರ ಅಂಚಿನಿಂದ ಅಂಚಿಗೆ ಟೇಪು ಹಿಡಿಯಬೇಕು. ಬ್ಲೇಡು ಅದಕ್ಕಿಂತ ಅಗಲವಿರಬೇಕು. ಇಲ್ಲವಾದರೆ ಮಟ್ಟ ಮಾಡಿದ ಮಣ್ಣಿನ ಪಕ್ಕದಲ್ಲೇ ಟೈರಿನ ಗುರುತು ಉಳಿಯುತ್ತದೆ. ಮಣ್ಣನ್ನು ಒಂದು ಬದಿಗೆ ಸರಿಸಲು ಬ್ಲೇಡು ಓರೆ ಮಾಡಿದಾಗ ಅಗಲ ಕುಗ್ಗುತ್ತದೆ, ಕೊಳ್ಳುವಾಗ ಮರೆತುಹೋಗುವುದು ಇದೇ: 30 ಡಿಗ್ರಿ ತಿರುಗಿಸಿದರೆ 5 ಅಡಿಯದು ಸುಮಾರು 4 ಅಡಿ 4 ಅಂಗುಲವಷ್ಟೇ. ಟೈರಿನಿಂದ ಟೈರಿಗೆ 4 ಅಡಿ ಇರುವ ಗಾಡಿಗೆ ಇಷ್ಟು ಸಾಕು. ದೊಡ್ಡದಿರಲಿ ಎಂದು 6 ಅಡಿಯದು ಹಾಕಿಸಿದರೆ, ಹಸಿ ಕೆಂಪುಮಣ್ಣು ತುಂಬಿಕೊಂಡಾಗ ಚಕ್ರ ನಿಂತಲ್ಲೇ ಸುತ್ತುತ್ತದೆ. ಬ್ಲೇಡು ಎತ್ತಿದರೆ ಟ್ರ್ಯಾಕ್ಟರಿನ ಮೂತಿ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಹಾಗೆಂದು ತೀರ ಹಗುರವಾದ ಬ್ಲೇಡು ಗಟ್ಟಿ ನೆಲದ ಮೇಲೆ ಕುಣಿಯುತ್ತದೆ.

ವರ್ಷಕ್ಕೆ ಎರಡು ದಿನದ ಕೆಲಸಕ್ಕಾದರೆ ಬಾಡಿಗೆಯೇ ಲೇಸು. ರಾಜ್ಯದ ಕೃಷಿ ಯಂತ್ರಧಾರೆ ಕೇಂದ್ರಗಳು ಇರುವುದೇ ಯಂತ್ರಗಳನ್ನು ಬಾಡಿಗೆಗೆ ಕೊಡಲು.