ಮನೆಯಲ್ಲೇ ಮಕ್ಕಳ ವ್ಯಾಯಾಮ: ವರ್ಚುವಲ್ ರಿಯಾಲಿಟಿ ಎಷ್ಟು ಉಪಯುಕ್ತ?

ಜತ್ತ ತಾಲೂಕಿನ ದರಿಬಡಚಿಯಂಥ ಊರುಗಳಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಫಿಸಿಯೋಥೆರಪಿ ಕೊಡಿಸಲು ಹೆಚ್ಚಾಗಿ ಸಾಂಗಲಿ, ಮಿರಜ ಅಥವಾ ವಿಜಯಪುರಕ್ಕೇ ಹೋಗಬೇಕು. ಹೋಗಿ ಬಂದರೆ ಒಂದು ದಿನದ ಕೂಲಿ ತಪ್ಪುತ್ತದೆ. ಆದರೆ ಕೈಕಾಲು ಹಿಡಿತಕ್ಕೆ ಬರಲು ಅದೇ ಚಲನೆಯನ್ನು ದಿನವೂ, ನೂರಾರು ಸಲ ಮಾಡಬೇಕು. ಅದು ಮನೆಯಲ್ಲೇ ಆಗಬೇಕಾದ ಕೆಲಸ.

ಏನಿದು?
ವರ್ಚುವಲ್ ರಿಯಾಲಿಟಿಯಲ್ಲಿ ಮಗು ಪರದೆಯ ಮುಂದೆ ನಿಂತು ಅಥವಾ ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಆಡುತ್ತದೆ. ಕೈ ಎತ್ತಿದರೆ ಪರದೆಯಲ್ಲಿ ಹಣ್ಣು ಬೀಳುತ್ತದೆ, ವಾಲಿದರೆ ದೋಣಿ ತಿರುಗುತ್ತದೆ. ಬೇಸರದ ವ್ಯಾಯಾಮ ಆಟವಾಗುತ್ತದೆ. 2006ರಲ್ಲಿ ಬಂದ ನಿಂಟೆಂಡೊ ವೀ, 2010ರ ಮೈಕ್ರೋಸಾಫ್ಟ್ ಕಿನೆಕ್ಟ್ ಎರಡೂ ಮನರಂಜನೆಗೆಂದು ತಯಾರಾದವು. ಥೆರಪಿಸ್ಟರು ಅವನ್ನು ಚಿಕಿತ್ಸೆಗೆ ಬಳಸಿಕೊಂಡರು.

ಪ್ರಯೋಜನ
ಎಂದಿನ ಚಿಕಿತ್ಸೆಯ ಜೊತೆಗೆ ಬಳಸಿದಾಗ ಕೈಬಳಕೆ ಮತ್ತು ಸಮತೋಲನ ಸುಧಾರಿಸಿದ್ದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅವುಗಳಲ್ಲಿ ಹೆಚ್ಚಿನವು ಸಣ್ಣವು, ಫಲಿತಾಂಶವೂ ಒಂದೇ ತೆರನಾಗಿಲ್ಲ. ಇದು ಥೆರಪಿಸ್ಟರ ಬದಲಿಗೆ ಅಲ್ಲ, ಅವರ ಜೊತೆಗೆ.

ಎಚ್ಚರಿಕೆ
• ಫಿಟ್ಸ್ ಬರುವ ಮಗುವಿಗೆ ವೈದ್ಯರನ್ನು ಕೇಳದೆ ಕೊಡಬೇಡಿ. ಮಿನುಗುವ ಬೆಳಕು ಕೆಲವರಲ್ಲಿ ಫಿಟ್ಸ್ ತರಬಹುದು.
• ಹೆಡ್‌ಸೆಟ್‌ಗಳಿಗೆ ವಯಸ್ಸಿನ ಮಿತಿಯಿದೆ. ಮೆಟಾ ಕ್ವೆಸ್ಟ್‌ಗೆ 10, ಪ್ಲೇಸ್ಟೇಷನ್ ವಿಆರ್‌ಗೆ 12 ವರ್ಷ.
• ತಲೆಸುತ್ತು, ವಾಕರಿಕೆ ಬಂದರೆ ತಕ್ಷಣ ನಿಲ್ಲಿಸಿ. ಬೀಳದಂತೆ ಪಕ್ಕದಲ್ಲಿ ದೊಡ್ಡವರು ಇರಬೇಕು.
• ಮಗು ಗೆಲ್ಲುವ ಆತುರದಲ್ಲಿ ಚೆನ್ನಾಗಿರುವ ಕೈಯನ್ನೇ ಬಳಸುತ್ತದೆ. ಯಾವ ಕೈ ಆಡುತ್ತಿದೆ ಎಂದು ನೋಡಿ.

ಸಾಧನ ಇಲ್ಲದಿದ್ದರೆ?
ಕಿನೆಕ್ಟ್ ತಯಾರಿಕೆ 2017ರಲ್ಲೇ ನಿಂತಿತು. ಯಂತ್ರ ನಿಲ್ಲಬಹುದು, ಅಭ್ಯಾಸ ನಿಲ್ಲಬಾರದು. ಗೋಡೆಯ ಮೇಲೆ ಸುಣ್ಣದ ಗುರುತು ಹಾಕಿ ಮುಟ್ಟಿಸಿ, ಬುಟ್ಟಿಗೆ ಚೆಂಡು ಹಾಕಿಸಿ. ಅವ್ವನ ಪಕ್ಕ ಕೂತು ಪುಟ್ಟ ರೊಟ್ಟಿ ಬಡಿಯುವುದು ಎರಡೂ ಕೈಗಳಿಗೆ ಒಳ್ಳೆಯ ವ್ಯಾಯಾಮ. ಯಾವ ಚಲನೆ, ಎಷ್ಟು ಸಲ ಎಂಬುದನ್ನು ಥೆರಪಿಸ್ಟರಿಂದಲೇ ಕೇಳಿ. ಅವರು ಮರಾಠಿಯಲ್ಲಿ ಹೇಳಿದ್ದು ಮನೆಯ ಹಿರಿಯರಿಗೆ ತಿಳಿಯದಿದ್ದರೆ, ಅನುಮತಿ ಪಡೆದು ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ. ಚಲನೆ ನೋಡಿ ಕಲಿಯಲು ಭಾಷೆ ಅಡ್ಡ ಬರುವುದಿಲ್ಲ.

ಸರ್ಕಾರದ ನೆರವು
ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ತಪಾಸಣೆಗೆ ಬರುತ್ತದೆ; ಮಗುವನ್ನು ತಪ್ಪದೆ ತೋರಿಸಿ. ಅಂಗವಿಕಲರ ಯುಡಿಐಡಿ ಕಾರ್ಡ್ ದೇಶದಾದ್ಯಂತ ನಡೆಯುವುದರಿಂದ ಗಡಿಯ ಎರಡೂ ಕಡೆ ಉಪಯೋಗ. ಸೆರೆಬ್ರಲ್ ಪಾಲ್ಸಿ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ನೆರವಿದ್ದು, ನಿಗದಿತ ಮಿತಿಯೊಳಗೆ ಥೆರಪಿ ಖರ್ಚೂ ಸೇರುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಹೆಡ್‌ಸೆಟ್ ಕೊಳ್ಳುವ ಮೊದಲು ಈ ಮೂರನ್ನು ಮಾಡಿಸಿಕೊಳ್ಳಿ.